ಮೋನಾಲಿಸಾಳ ಮುಖ ತೊಳೆಯಲು ಯಾಕೆ ಹೆದರಿಕೆ?

ಪ್ಯಾರಿಸ್ಸಿನ ಲೂವ್ರ್‌ನಲ್ಲಿ ಕಾಣುವ ಮೋನಾಲಿಸಾಳ ಹಳದಿ ಛಾಯೆ ಲಿಯೊನಾರ್ಡೊ ಡ ವಿಂಚಿ ಕೊಟ್ಟದ್ದಲ್ಲ. ಮೇಲೆ ಬಳಿದ ವಾರ್ನಿಷ್ ಗಾಳಿ, ಬೆಳಕಿಗೆ ಹಳದಿಗಟ್ಟಿದೆ. ಮ್ಯಾಡ್ರಿಡ್‌ನ ಪ್ರಾಡೊ ಸಂಗ್ರಹಾಲಯದಲ್ಲಿ ಅದೇ ಕಾಲದ ಒಂದು ಪ್ರತಿಯಿದೆ. ಅದನ್ನು ಶುಚಿಗೊಳಿಸಿ 2012ರಲ್ಲಿ ತೋರಿಸಿದಾಗ ಕಪ್ಪು ಹಿನ್ನೆಲೆಯ ಅಡಿಯಿಂದ ನೀಲಿ ಬೆಟ್ಟಗಳು ಹೊರಬಂದಿದ್ದವು, ಕೆಂಪು ತೋಳುಗಳು ಹೊಳೆಯುತ್ತಿದ್ದವು. ಮೂಲವನ್ನೂ ಹೀಗೇ ತೊಳೆಯಬಹುದಲ್ಲ?

ತೊಡಕು ಇರುವುದು ಆ ನಗುವಿನಲ್ಲೇ. ನೆರಳಿಗೆ ಗೆರೆ ಎಳೆಯದೆ, ಎಣ್ಣೆಯಲ್ಲಿ ತುಸುವೇ ವರ್ಣದ್ರವ್ಯ ಕಲಸಿ, ಒಣಗಿದ ಪದರದ ಮೇಲೆ ಇನ್ನೊಂದು ಪದರ ಬಳಿಯುತ್ತ ಹೋಗುವ ವಿಧಾನಕ್ಕೆ ಸ್ಫುಮಾಟೊ ಎನ್ನುತ್ತಾರೆ. 2010ರಲ್ಲಿ ಪ್ರಕಟವಾದ ಎಕ್ಸ್‌-ರೇ ಅಧ್ಯಯನದ ಪ್ರಕಾರ ಒಂದೊಂದು ಪದರ ಕೆಲವೇ ಮೈಕ್ರೊಮೀಟರ್. ಕಡುನೆರಳಿನಲ್ಲೂ ಎಲ್ಲ ಪದರ ಸೇರಿ ದಪ್ಪ ಸುಮಾರು 40 ಮೈಕ್ರೊಮೀಟರ್, ಅಂದರೆ ತಲೆಗೂದಲಿನ ಅರ್ಧ ದಪ್ಪ. ವಾರ್ನಿಷ್ ಕರಗಿಸುವ ದ್ರಾವಕ ಅಲ್ಲಿಗೇ ನಿಲ್ಲದಿದ್ದರೆ ಮೇಲಿನ ಪದರವೂ ಮೆದುವಾಗಿ ಒರೆಸುವ ಹತ್ತಿಗೆ ಅಂಟಿಕೊಂಡು ಹೋದೀತು. ಹೋದದ್ದನ್ನು ಮರಳಿ ತರುವ ಉಪಾಯವಿಲ್ಲ.

ನಗು ನಿಂತಿರುವುದೂ ಈ ಮಸುಕಿನ ಮೇಲೆಯೇ. ನಮ್ಮ ನೋಟದ ನಡುಭಾಗಕ್ಕೆ ಸೂಕ್ಷ್ಮ ವಿವರ ಸಿಗುತ್ತದೆ, ಅಂಚಿಗೆ ಒರಟು ನೆರಳು-ಬೆಳಕು ಮಾತ್ರ. ಅವಳ ಕಣ್ಣು ನೋಡುವಾಗ ಕೆನ್ನೆಯ ನೆರಳು ಅಂಚಿಗೆ ಬಿದ್ದು ನಗು ಅರಳುತ್ತದೆ. ತುಟಿಯನ್ನೇ ದಿಟ್ಟಿಸಿದರೆ ಮರೆಯಾಗುತ್ತದೆ. ನರವಿಜ್ಞಾನಿ ಮಾರ್ಗರೆಟ್ ಲಿವಿಂಗ್‌ಸ್ಟನ್ 2000ರಲ್ಲಿ ಕೊಟ್ಟ ವಿವರಣೆ ಇದು. ಸಾಕಷ್ಟು ಗಟ್ಟಿಯಾದದ್ದೇ.

ಕೆಳಗಿನ ಹಲಗೆಯೂ ಸುಮ್ಮನಿಲ್ಲ. 77×53 ಸೆಂ.ಮೀ. ಅಳತೆಯ ಪಾಪ್ಲರ್ ಮರ. ತೇವ ಏರಿದರೆ ನಾರಿಗೆ ಅಡ್ಡವಾಗಿ ಉಬ್ಬುತ್ತದೆ, ಇಳಿದರೆ ಕುಗ್ಗುತ್ತದೆ. ಮೇಲಂಚಿನಿಂದ ಇಳಿದ ಹಳೆಯ ಬಿರುಕು ಹಿಗ್ಗದಂತೆ ಹಿಂಬದಿಯಲ್ಲಿ ಮರದ ತುಂಡು ಕೂರಿಸಿದ್ದಾರೆ. ಗಾಜಿನ ಪೆಟ್ಟಿಗೆಯೊಳಗೆ ಉಷ್ಣತೆ, ತೇವ ಎರಡೂ ನಿಯಂತ್ರಣದಲ್ಲಿವೆ.

ಇಷ್ಟಾದರೂ ಜಗತ್ಪ್ರಸಿದ್ಧಿಯಲ್ಲಿ ನಗುವಿಗಿಂತ ಕಳ್ಳನ ಪಾಲೇ ದೊಡ್ಡದು ಎನ್ನಬೇಕು. 1911ರ ಆಗಸ್ಟ್ 21ರಂದು ಲೂವ್ರ್‌ನಲ್ಲಿ ಹಿಂದೆ ಕೆಲಸ ಮಾಡಿದ್ದ ವಿಂಚೆಂಜೊ ಪೆರುಜಿಯಾ ಚಿತ್ರ ಕದ್ದ. ಪತ್ರಿಕೆಗಳು ಅವಳ ಮುಖವನ್ನು ಮನೆಮನೆಗೆ ತಲುಪಿಸಿದವು. ಖಾಲಿ ಗೋಡೆ ನೋಡಲೂ ಜನ ಸಾಲುಗಟ್ಟಿದರು. 1913ರ ಡಿಸೆಂಬರ್‌ನಲ್ಲಿ ಫ್ಲಾರೆನ್ಸ್‌ನಲ್ಲಿ ಚಿತ್ರ ಸಿಕ್ಕಿತು. ಈಗ ಜನ ನೋಡಬಯಸುವುದು ಆ ಹಳದಿ ಮುಖವನ್ನೇ. ಲೂವ್ರ್‌ನಲ್ಲೇ ಇರುವ ಲಿಯೊನಾರ್ಡೊನ ಸಂತ ಆ್ಯನ್ ಚಿತ್ರವನ್ನು ಶುಚಿಗೊಳಿಸುವಾಗ, ಕೆಲಸ ಅತಿಯಾಯಿತೆಂದು ಸಲಹಾ ಸಮಿತಿಯ ಇಬ್ಬರು ತಜ್ಞರು ಹೊರನಡೆದಿದ್ದರು. ಅದು ಮೋನಾಲಿಸಾಳಷ್ಟು ಹೆಸರಾದ ಚಿತ್ರವೇನೂ ಅಲ್ಲ.