ಚಾಪೆಕ್‌ನ ರೋಬೋಟ್‌ಗಳು ಪ್ರೀತಿಯವರೆಗೆ ಬಂದ ದಾರಿ

ಕರೆಲ್ ಚಾಪೆಕ್ 1920ರಲ್ಲಿ ಚೆಕ್ ಭಾಷೆಯಲ್ಲಿ ಬರೆದ 'ಆರ್.ಯು.ಆರ್.' (ರೋಬೋಟ್ ಮಾಡುವ ಕಂಪನಿ 'ರೋಸಮ್ಸ್ ಯೂನಿವರ್ಸಲ್ ರೋಬೋಟ್ಸ್' ಎಂಬುದರ ಚಿಕ್ಕ ರೂಪ) ನಾಟಕ ಓದುವಾಗ ಒಂದು ವಿಷಯ ಮೊದಲೇ ತಿಳಿದಿರಲಿ. ಇಲ್ಲಿನ ರೋಬೋಟ್‌ಗಳು ಕಬ್ಬಿಣದವಲ್ಲ. ಮಾಂಸದಂಥ ವಸ್ತುವಿನಿಂದ ಕಾರ್ಖಾನೆಯಲ್ಲಿ ಮಾಡಿದವು, ನೋಡೋಕೆ ಥೇಟ್ ಮನುಷ್ಯರೇ. ಕೆಲಸಕ್ಕೆ ಅಡ್ಡಿಯೆಂದು ಭಾವನೆಯನ್ನು ಮಾತ್ರ ಬೇಕಂತಲೇ ಬಿಟ್ಟಿದ್ದಾರೆ.

ಇಂಥ ರೋಬೋಟ್‌ಗಳು ಕೊನೆಗೆ ಮನುಷ್ಯರಂತಾದದ್ದು ಹೇಗೆ ಎಂಬ ಪ್ರಶ್ನೆಗೆ, ಪ್ರೀತಿ ಬಂತು, ರೋಬೋಟ್ ಮನುಷ್ಯನಾಯಿತು ಅಂತ ಒಂದೇ ಸಾಲಿನಲ್ಲಿ ಉತ್ತರ ಬರೆದರೆ ನಾಟಕದ ಮುಕ್ಕಾಲು ಭಾಗ ಬಿಟ್ಟುಹೋಗುತ್ತದೆ. ಮೊದಲು ಬರುವುದು ನೋವು. ರೋಬೋಟ್‌ಗಳು ತಮ್ಮ ಮೈಯನ್ನೇ ಮುರಿದುಕೊಂಡರೂ ಅವಕ್ಕೆ ಗೊತ್ತಾಗುವುದಿಲ್ಲ. ಆ ನಷ್ಟ ತಪ್ಪಿಸಲು ಕಾರ್ಖಾನೆಯ ವಿಜ್ಞಾನಿ ಡಾಕ್ಟರ್ ಗಾಲ್ ನೋವಿನ ನರಗಳನ್ನು ಕೊಡಲು ಹೊರಡುತ್ತಾನೆ. ಆಮೇಲೆ ಕಾರ್ಖಾನೆಯ ಮುಖ್ಯಸ್ಥನ ಹೆಂಡತಿ ಹೆಲೆನಾಳ ಮಾತಿಗೆ ಕಟ್ಟುಬಿದ್ದು ಕೆಲವು ನೂರು ರೋಬೋಟ್‌ಗಳ ಸ್ವಭಾವವನ್ನೇ ಬದಲಿಸುತ್ತಾನೆ. ಅವುಗಳಲ್ಲಿ ಹುಟ್ಟುವುದು ಸಿಟ್ಟು. ಅವುಗಳಲ್ಲೊಂದಾದ ರಾಡಿಯಸ್‌ಗೆ ಯಾರ ಮಾತೂ ಕೇಳುವುದು ಬೇಡ, ಮನುಷ್ಯರ ಮೇಲೆ ಯಜಮಾನನಾಗಬೇಕು. ಚಾಪೆಕ್ ಇಲ್ಲಿ ತುಂಬ ಪ್ರಾಮಾಣಿಕ ಅನ್ನಿಸುತ್ತದೆ. ದುಡಿಸಿಕೊಂಡವರಿಗೆ ಮನಸ್ಸು ಬಂದರೆ ಮೊದಲು ಬರುವುದು ಸಿಟ್ಟೇ ಅಲ್ವಾ?

ರೋಬೋಟ್‌ಗಳ ದಂಗೆಯಲ್ಲಿ ಮನುಷ್ಯಕುಲ ಅಳಿಯುತ್ತದೆ. ಕೈಯಿಂದ ದುಡಿಯುತ್ತಿದ್ದ ಕಾರಣಕ್ಕೆ ಕಾರ್ಖಾನೆಯ ಕಟ್ಟಡಗಳ ಉಸ್ತುವಾರಿ ನೋಡುತ್ತಿದ್ದ ಆಲ್ಕ್ವಿಸ್ಟ್ ಒಬ್ಬನನ್ನು ಅವು ಉಳಿಸುತ್ತವೆ. ಆದರೆ ರೋಬೋಟ್ ಮಾಡುವ ಸೂತ್ರವನ್ನು ಹೆಲೆನಾ ಆಗಲೇ ಸುಟ್ಟಿದ್ದಾಳೆ. ಹೊಸಬರು ಹುಟ್ಟುವಂತಿಲ್ಲ, ಇರುವವರು ಸವೆದುಹೋಗುತ್ತಿದ್ದಾರೆ. ಬದುಕು ಕೊಡು ಎಂದು ರೋಬೋಟ್‌ಗಳು ಆಲ್ಕ್ವಿಸ್ಟ್‌ನನ್ನು ಬೇಡುತ್ತವೆ. ಈಗ ಸಾವಿನ ಭಯವೂ ಬಂತು.

ಕೊನೆಯ ಭಾಗವನ್ನು ನಿಧಾನವಾಗಿ ಓದಿ. ಹೆಲೆನಾಳ ರೂಪದಲ್ಲೇ ಗಾಲ್ ಮಾಡಿದ ರೋಬೋಟ್, ಅವಳ ಹೆಸರೂ ಹೆಲೆನಾ, ಪ್ರೈಮಸ್ ಎಂಬ ಇನ್ನೊಂದು ರೋಬೋಟ್ ಜೊತೆ ನಗುತ್ತಾಳೆ. ಆ ನಗು ಕೇಳಿ ಆಲ್ಕ್ವಿಸ್ಟ್‌ಗೆ ಎಚ್ಚರವಾಗುತ್ತದೆ. ಪರೀಕ್ಷಿಸಲು, ನಿಮ್ಮಲ್ಲೊಬ್ಬರನ್ನು ಕೊಯ್ದು ನೋಡುತ್ತೇನೆ ಎನ್ನುತ್ತಾನೆ. ಪ್ರೈಮಸ್‌ನನ್ನು ಅಂದರೆ ಹೆಲೆನಾ ನನ್ನನ್ನು ತಗೋ ಅನ್ನುತ್ತಾಳೆ. ಹೆಲೆನಾಳನ್ನು ಅಂದರೆ ಪ್ರೈಮಸ್ ಅಡ್ಡ ನಿಲ್ಲುತ್ತಾನೆ. ಸ್ವಲ್ಪ ಹೊತ್ತಿನ ಹಿಂದೆ ಇದೇ ಕುಲ ಜೀವಕ್ಕಾಗಿ ಅಂಗಲಾಚುತ್ತಿತ್ತು ಎಂಬುದನ್ನು ನೆನೆಯಿರಿ. ಸಾವಿಗೆ ಹೆದರಲು ಕಲಿತ ಮೇಲೇ ಜೀವ ಕೊಡುವ ಮಾತಿಗೆ ತೂಕ ಬರುವುದು. ಅದಕ್ಕೇ ನೋವು, ಸಿಟ್ಟು, ಭಯ ಮೊದಲು ಬಂದವು.

ಆಲ್ಕ್ವಿಸ್ಟ್ ಅವರನ್ನು ಆದಾಮ, ಹವ್ವ ಎಂದು ಕರೆದು ಕಳಿಸುತ್ತಾನೆ. ರೋಬೋಟ್‌ಗಳಿಗೆ ಮಕ್ಕಳು ಹೇಗೆ ಎಂಬುದಕ್ಕೆ ನಾಟಕ ವಿವರಣೆ ಕೊಡುವುದಿಲ್ಲ. ಇದು ಕೊರತೆ ಅನ್ನಿಸಬಹುದು. ನನಗೆ ಹಾಗನ್ನಿಸಲಿಲ್ಲ. ಕೆಲಸವನ್ನೆಲ್ಲ ರೋಬೋಟ್‌ಗೆ ಬಿಟ್ಟ ಮನುಷ್ಯರಿಗೆ ಮಕ್ಕಳಾಗುವುದೇ ನಿಂತುಹೋಗಿತ್ತು ಎಂದು ನಡುವೆ ಬರುತ್ತದೆ. ಆ ಜಾಗವನ್ನೂ ಈ ಕೊನೆಯನ್ನೂ ಒಟ್ಟಿಗಿಟ್ಟು ಓದಿ.