ಎ ಇಂದ ಝಡ್‌ವರೆಗೆ ಜೋಡಿಸಿದ್ದೇವೆ, ಮೇಡಂ

ಹೋದ ತಿಂಗಳು ಮತ್ತೊಂದು ಫೈಲ್ ಬಂತು. ಒಂದು ಕಂಪನಿಯವರು ತಮ್ಮೊಳಗೇ ಬಳಸಲು ಒಂದು ಪ್ಯಾಕೇಜ್ ಮ್ಯಾನೇಜರ್ ಮಾಡಿಕೊಂಡಿದ್ದಾರೆ. ಕಂಪ್ಯೂಟರ್‌ಗೆ ಸಾಫ್ಟ್‌ವೇರ್ ಹಾಕಲು, ತೆಗೆಯಲು ಬಳಸುವ ಟೂಲ್ ಅದು. ಅದರ ಮ್ಯಾನ್ಯುಯಲ್ ಸ್ವಲ್ಪ ನೋಡಿ ಕೊಡಿ ಅಂದರು. ತೆರೆದೆ. 80ಕ್ಕೂ ಜಾಸ್ತಿ ಆಪ್ಷನ್‌ಗಳು, ಅಂದರೆ ಕಮಾಂಡ್ ಜತೆ ಟೈಪ್ ಮಾಡಿ ಹೀಗೆ ಮಾಡು, ಹಾಗೆ ಮಾಡು ಅಂತ ಹೇಳುವ ಚಿಕ್ಕ ಸೂಚನೆಗಳು. ಎಲ್ಲವೂ ಒಂದೇ ಪಟ್ಟಿ, ಇಂಗ್ಲಿಷ್ ಅಕ್ಷರಮಾಲೆಯ ಕ್ರಮ. ಮೇಲ್‌ನಲ್ಲಿ ಹೆಮ್ಮೆಯ ಒಂದು ಸಾಲು: "ಎಲ್ಲಾ ನೀಟಾಗಿ ಎ ಇಂದ ಝಡ್‌ವರೆಗೆ ಜೋಡಿಸಿದ್ದೇವೆ, ಮೇಡಂ."

ಬೆಂಗಳೂರಲ್ಲಿ 17 ವರ್ಷದಿಂದ ನನಗೆ ಇದೇ ಕೆಲಸ. ಸಾಫ್ಟ್‌ವೇರ್ ಬರೆದವರಿಗೆ ಗೊತ್ತಿರುವುದನ್ನು, ಬರೆಯದವರಿಗೆ ಅರ್ಥವಾಗುವ ಹಾಗೆ ಹೇಳುವುದು. ಈ ಸಾಲನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕ ಇಟ್ಟಿಲ್ಲ. ಹೇಳುವವರು ಪಾಪ, ಒಳ್ಳೆಯವರು. ಕಷ್ಟಪಟ್ಟು ಜೋಡಿಸಿರುತ್ತಾರೆ. ಅದಕ್ಕೇ ಬೈಯಲಿಕ್ಕೂ ಆಗುವುದಿಲ್ಲ.

ಶುರು ಮಾಡುವ ಮೊದಲು ಒಂದು ಮಾತು. ಆಪ್ಷನ್‌ಗಳನ್ನು ಇಲ್ಲಿ ನಾವು ಫೋನ್‌ನಲ್ಲಿ ಒಬ್ಬರಿಗೊಬ್ಬರು ಹೇಳುವ ಹಾಗೇ ಬರೆಯುತ್ತೇನೆ. ‘ಮೈನಸ್ ವೈ’, ‘ಮೈನಸ್ ಮೈನಸ್ ಪರ್ಜ್’ ಅಂತ. ಅದು ಮೈನಸ್ ಅಲ್ಲ, ಹೈಫನ್ ಅಂತ ತಿದ್ದುವವರು ಮನಸ್ಸಲ್ಲೇ ತಿದ್ದಿಕೊಳ್ಳಿ.

ಅಕ್ಷರ ಕ್ರಮ ಯಾರಿಗೆ ಉಪಯೋಗ? ಆಪ್ಷನ್‌ನ ಹೆಸರು ಆಗಲೇ ಗೊತ್ತಿರುವವರಿಗೆ. ಹೆಸರು ಗೊತ್ತಿದ್ದವರು ಮ್ಯಾನ್ಯುಯಲ್‌ಗೆ ಬರುವುದೇ ಅಪರೂಪ. ಬಂದರೂ ಸರ್ಚ್ ಮಾಡಿ ಹೋಗುತ್ತಾರೆ. ಪಟ್ಟಿಯನ್ನು ಮೇಲಿಂದ ಕೆಳಗೆ ಓದುವವನು ಬೇರೆ. ಅವನಿಗೆ ಗೊತ್ತಿರುವುದು ತನ್ನ ಕೆಲಸ ಮಾತ್ರ: "ಈ ಪ್ಯಾಕೇಜ್ ತೆಗೀಬೇಕು, ಆದ್ರೆ ನಾನು ಬರೆದ ಸೆಟ್ಟಿಂಗ್ಸ್ ಫೈಲ್ ಹೋಗಬಾರದು." ಇವನು ಯಾವ ಅಕ್ಷರದಡಿ ಹುಡುಕಬೇಕು? ಕೆ ಅಡಿ, ಕೀಪ್ ಅಂತಲೋ? ಎಸ್ ಅಡಿ, ಸೇವ್ ಅಂತಲೋ? ಸಿ ಅಡಿ, ಕಾನ್ಫಿಗ್ ಅಂತಲೋ?

ಡೆಬಿಯನ್, ಉಬುಂಟು ಅನ್ನುವ ಲಿನಕ್ಸ್‌ಗಳ ಪ್ಯಾಕೇಜ್ ಮ್ಯಾನೇಜರ್ ಆಪ್ಟ್-ಗೆಟ್‌ನಲ್ಲಿ ಒಂದು ಒಳ್ಳೆಯ ಆಪ್ಷನ್ ಇದೆ. ಏನನ್ನೂ ನಿಜವಾಗಿ ಮಾಡದೆ, ಮಾಡಿದ್ದರೆ ಏನಾಗುತ್ತಿತ್ತು ಅಂತ ಮಾತ್ರ ತೋರಿಸುತ್ತದೆ. ಅದರ ಚಿಕ್ಕ ಹೆಸರು ‘ಮೈನಸ್ ಎಸ್’. ಉದ್ದದ ಹೆಸರುಗಳು ಐದು: ಸಿಮ್ಯುಲೇಟ್, ಜಸ್ಟ್-ಪ್ರಿಂಟ್, ಡ್ರೈ-ರನ್, ರೆಕಾನ್, ನೋ-ಆಕ್ಟ್. ಅಕ್ಷರ ಕ್ರಮದಲ್ಲಿ ಇದನ್ನು ಎಲ್ಲಿಡುತ್ತೀರಿ? ಡಿ, ಜೆ, ಎನ್, ಆರ್, ಎಸ್, ಐದೂ ಕಡೆ ಜಾಗ ಇದೆ. ಹೊಸಬನಿಗೆ ಬೇಕಾಗಿರುವುದು ಇದರಲ್ಲಿ ಒಂದೂ ಅಲ್ಲ. ಏನನ್ನಾದರೂ ಅಳಿಸುವ ಆಪ್ಷನ್ ಎಲ್ಲಿದೆಯೋ ಅದರ ಪಕ್ಕದಲ್ಲೇ ಇದೂ ಇರಬೇಕು, ಅಷ್ಟೇ.

ಪಕ್ಕದಲ್ಲಿ ಅಂದೆನಲ್ಲ, ನನ್ನ ಜಗಳ ಪೂರ್ತಿ ಅದರದ್ದೇ. ಆಪ್ಟ್-ಗೆಟ್‌ನಲ್ಲೇ ‘ಮೈನಸ್ ಕ್ಯೂ’ ಇದೆ. ಕ್ವಯಟ್. ಜಾಸ್ತಿ ಮಾತಾಡಬೇಡ, ಕೆಲಸ ನೋಡು ಅಂತ. ‘ಮೈನಸ್ ವೈ’ ಇದೆ. ನೀನು ಕೇಳುವ ಪ್ರಶ್ನೆಗೆಲ್ಲ ನನ್ನ ಪರವಾಗಿ ಹೂಂ ಅಂದುಕೋ ಅಂತ. ಈಗ ಕ್ಯೂ ಎರಡು ಸಲ ಕೊಟ್ಟರೆ ಏನಾಗುತ್ತದೆ? ಇನ್ನೂ ಸುಮ್ಮನಾಗುತ್ತದೆ, ಅಷ್ಟೇ ತಾನೇ ಅನ್ನುತ್ತೀರಿ. ಸುಮ್ಮನಾಗುತ್ತದೆ, ನಿಜ. ಜತೆಗೆ ಅದು ‘ಮೈನಸ್ ವೈ’ ಅನ್ನೂ ಸೇರಿಸಿಕೊಳ್ಳುತ್ತದೆ. ಸುಮ್ಮನಿರು ಅಂದಿದ್ದಕ್ಕೆ, ಕೇಳದೇ ಮಾಡು ಅಂತಲೂ ಅರ್ಥ ಮಾಡಿಕೊಂಡುಬಿಡುತ್ತದೆ. ಮ್ಯಾನ್ ಪೇಜ್‌ನಲ್ಲಿ, ಅಂದರೆ ಟೂಲ್ ಜತೆಗೇ ಬರುವ ಮ್ಯಾನ್ಯುಯಲ್‌ನಲ್ಲಿ, ಎಚ್ಚರಿಕೆಯೂ ಇದೆ. ಬರೀ ಡೌನ್‌ಲೋಡ್ ಮಾಡುವ ‘ಮೈನಸ್ ಡಿ’, ಬರೀ ತೋರಿಸುವ ‘ಮೈನಸ್ ಎಸ್’ ತರಹದ್ದು ಜತೆಗಿಲ್ಲದೆ ಎರಡು ಕ್ಯೂ ಬಳಸಬೇಡಿ, ನೀವು ನಿರೀಕ್ಷಿಸದ್ದನ್ನು ಆಪ್ಟ್ ಮಾಡಬಹುದು ಅಂತ. ಆದರೆ ಆ ಎಚ್ಚರಿಕೆ ಇರುವುದು ಕ್ಯೂ ಬಗ್ಗೆ ಬರೆದ ಕಡೆ. ವೈ ಬಗ್ಗೆ ಓದಿ, ಇದು ಅಪಾಯ, ಬೇಡಪ್ಪಾ ಅಂತ ಬಿಟ್ಟವನು, ಔಟ್‌ಪುಟ್ ಜಾಸ್ತಿ ಬರ್ತಿದೆ ಅಂತ ಸ್ಕ್ರಿಪ್ಟ್‌ಗೆ ಎರಡು ಕ್ಯೂ ಹಾಕಿಕೊಳ್ಳುತ್ತಾನೆ. ಕ್ಯೂಗೂ ವೈಗೂ ಮಧ್ಯೆ ಏಳು ಅಕ್ಷರ ಇವೆ. ಕೆಲಸದ ಲೆಕ್ಕದಲ್ಲಿ ಇಬ್ಬರೂ ಒಂದೇ ಗೋಡೆಯ ಆಚೆ ಈಚೆ ಮನೆಯವರು.

ಇನ್ನೊಂದು ತಮಾಷೆ ಹೇಳುತ್ತೇನೆ. ಆಪ್ಟ್-ಗೆಟ್‌ನಲ್ಲಿ ಮೊದಲು ‘ಫೋರ್ಸ್-ಯೆಸ್’ ಅಂತ ಒಂದು ಒರಟು ಆಪ್ಷನ್ ಇತ್ತು. 1.1ನೇ ಆವೃತ್ತಿಯಿಂದ ಅದನ್ನು ಬಳಸಬೇಡಿ ಅಂದರು. ಬದಲಿಗೆ ನಾಲ್ಕನ್ನು ತೋರಿಸಿದರು. ಸಹಿ ಇಲ್ಲದ ಪ್ಯಾಕೇಜನ್ನು ಒಪ್ಪಿಕೊಳ್ಳಲು ಒಂದು, ಹಳೆಯ ಆವೃತ್ತಿಗೆ ಇಳಿಸಲು ಒಂದು, ಸಿಸ್ಟಮ್‌ಗೆ ಬೇಕೇಬೇಕಾದದ್ದನ್ನು ತೆಗೆಯಲು ಒಂದು, ಬದಲಾಯಿಸಬೇಡ ಅಂತ ಹಿಡಿದಿಟ್ಟ ಪ್ಯಾಕೇಜನ್ನು ಬದಲಾಯಿಸಲು ಒಂದು. ತುಂಬಾ ಒಳ್ಳೆಯ ಕೆಲಸ. ನಾಲ್ಕೂ ಶುರುವಾಗುವುದು ‘ಅಲೋ’ ಅಂತ. ಅಂದರೆ ಅಕ್ಷರ ಕ್ರಮದಲ್ಲಿ ಜೋಡಿಸಿದರೆ, ಹೊಸಬನ ಕಣ್ಣಿಗೆ ಪಟ್ಟಿಯ ತಲೆಯಲ್ಲೇ ಬೀಳುವುದು ಇರುವುದರಲ್ಲೇ ಅತಿ ಅಪಾಯದ ನಾಲ್ಕು.

ಇಷ್ಟು ಹೇಳಿದರೆ ಡೆವಲಪರ್‌ಗಳ ಉತ್ತರ ರೆಡಿ ಇರುತ್ತದೆ. "ಕಂಟ್ರೋಲ್ ಎಫ್ ಇದೆಯಲ್ಲ ಮೇಡಂ." ಇದೆ. ಒಂದು ಸಲ ‘ಮೈನಸ್ ಎಸ್’ ಅಂತ ಹುಡುಕಿ ನೋಡಿ. ಸಿಮ್ಯುಲೇಟ್, ಸೋರ್ಸ್, ಮಧ್ಯೆ ಮೈನಸ್ ಎಸ್ ಬರುವ ಹತ್ತಾರು ಪದಗಳು, ಎಲ್ಲವೂ ಹಳದಿ ಹಳದಿ. ಅದೂ ಹೆಸರು ಗೊತ್ತಿದ್ದವನಿಗೆ. ಗೊತ್ತಿಲ್ಲದವನು ಏನಂತ ಟೈಪ್ ಮಾಡಬೇಕು?

ನನ್ನ ಅಕ್ಕನ ಮಗ ಇಂಜಿನಿಯರಿಂಗ್ ಓದುತ್ತಿದ್ದಾನೆ. ಲ್ಯಾಪ್‌ಟಾಪ್‌ಗೆ ಆರ್ಚ್ ಲಿನಕ್ಸ್ ಹಾಕಿಕೊಂಡಿದ್ದಾನೆ. ಆ ವಯಸ್ಸಲ್ಲಿ ಹಾಕಿಕೊಳ್ಳದಿದ್ದರೆ ಆಶ್ಚರ್ಯ. ಒಂದು ರಾತ್ರಿ ಹನ್ನೊಂದೂವರೆಗೆ ಹಾಸ್ಟೆಲ್‌ನಿಂದ ಫೋನ್. "ಚಿಕ್ಕಮ್ಮ, ಸ್ಕ್ರೀನ್ ಪೂರ್ತಿ ಕಪ್ಪು. ಬರೀ ಲಾಗಿನ್ ಕೇಳ್ತಿದೆ."

ಏನು ಮಾಡಿದೆಯೋ ಅಂದೆ. ಯಾವುದೋ ಲೈಬ್ರರಿ ತೆಗೆಯಲು ಹೋಗಿದ್ದ. ಆರ್ಚ್‌ನ ಪ್ಯಾಕೇಜ್ ಮ್ಯಾನೇಜರ್ ಪ್ಯಾಕ್‌ಮ್ಯಾನ್‌ನಲ್ಲಿ ದೊಡ್ಡ ಆರ್ ಅಂದರೆ ರಿಮೂವ್. ಸ್ವಚ್ಛವಾಗಿ ಹೋಗಲಿ ಅಂತ ಪಕ್ಕದಲ್ಲಿ ಸಣ್ಣ ಸಿ ಸೇರಿಸಿದ. ಉದ್ದದ ಪಟ್ಟಿ ತೋರಿಸಿ, ಇವನ್ನೆಲ್ಲ ತೆಗೆಯಲಾ ಅಂತ ಅದು ಕೇಳಿದೆ. ಇವನು ಎಂಟರ್ ಒತ್ತಿದ್ದಾನೆ.

"ಸಿ ಅಂದ್ರೆ ಕ್ಲೀನ್ ಅಲ್ವಾ ಚಿಕ್ಕಮ್ಮ?"

"ದೊಡ್ಡ ಎಸ್ ಜತೆ ಇದ್ರೆ ಹೌದು ಕಣೋ. ಆರ್ ಜತೆ ಇದ್ರೆ ಕ್ಯಾಸ್ಕೇಡ್."

ಕ್ಯಾಸ್ಕೇಡ್ ಅಂದರೆ ಆ ಪ್ಯಾಕೇಜನ್ನು ನಂಬಿಕೊಂಡಿರುವುದೆಲ್ಲ ಹೋಗುತ್ತದೆ. ಅವನ್ನು ನಂಬಿಕೊಂಡಿರುವುದೂ ಹೋಗುತ್ತದೆ. ಇವನ ಡೆಸ್ಕ್‌ಟಾಪ್ ಪೂರ್ತಿ ಹಾಗೇ ಹೋಗಿತ್ತು. ಇನ್ನು ದೊಡ್ಡ ಕ್ಯೂ ಜತೆ ಅದೇ ಸಿ ಬಂದರೆ ಚೇಂಜ್‌ಲಾಗ್, ಅಂದರೆ ಪ್ಯಾಕೇಜ್‌ನಲ್ಲಿ ಆದ ಬದಲಾವಣೆಗಳ ಪಟ್ಟಿ, ತೋರಿಸು ಅಂತ. ಒಂದೇ ಅಕ್ಷರ, ಮೂರು ಅರ್ಥ. ಒಂದು ಓದಿಸುತ್ತದೆ, ಒಂದು ಗುಡಿಸುತ್ತದೆ, ಒಂದು ಮನೆ ಕೆಡವುತ್ತದೆ.

ಮ್ಯಾನ್ ಪೇಜ್ ಓದಲಿಲ್ವಾ ಅಂದೆ. ಓದಿದ್ದು ಗೆಳೆಯ ಮಾಡಿಟ್ಟ ಒಂದು ಪುಟದ ಚೀಟ್ ಶೀಟ್. ಫೋಟೋ ಕಳಿಸಿದ. ಎಲ್ಲ ಆಪ್ಷನ್‌ಗಳೂ ಅಕ್ಷರ ಕ್ರಮದಲ್ಲಿ! ಸಿ ಮುಂದೆ ಒಂದೇ ಪದ: ಕ್ಲೀನ್.

ಇಲ್ಲಿ ಪ್ಯಾಕ್‌ಮ್ಯಾನ್‌ನವರ ತಪ್ಪಿಲ್ಲ. ಅವರ ಮ್ಯಾನ್ ಪೇಜನ್ನು ನಾನು ಹೊಸಬರಿಗೆ ಮಾದರಿ ಅಂತಲೇ ತೋರಿಸುತ್ತೇನೆ. ಮೊದಲು ಕೆಲಸಗಳ ಪಟ್ಟಿ. ಆಮೇಲೆ ಎಲ್ಲದಕ್ಕೂ ಸಲ್ಲುವ ಆಪ್ಷನ್‌ಗಳು. ಆಮೇಲೆ ಒಂದೊಂದು ಕೆಲಸಕ್ಕೂ ಅದರದೇ ಭಾಗ. ನನಗೆ ಜಾಸ್ತಿ ಇಷ್ಟ ಅದರ ತಲೆಬರಹಗಳು. ಟ್ರಾನ್ಸಾಕ್ಷನ್ ಆಪ್ಷನ್‌ಗಳು ಅಂತ ಬರೆದು ಸುಮ್ಮನಾಗಿಲ್ಲ. ಇವು ಎಸ್ (ಸಿಂಕ್), ಆರ್ (ರಿಮೂವ್), ಯು (ಅಪ್‌ಗ್ರೇಡ್) ಮೂರಕ್ಕೂ ಅನ್ವಯಿಸುತ್ತವೆ ಅಂತ ತಲೆಬರಹದಲ್ಲೇ ಬರೆದಿದ್ದಾರೆ. ಅಪ್‌ಗ್ರೇಡ್ ಆಪ್ಷನ್‌ಗಳ ಮೇಲೆ, ಎಸ್ ಮತ್ತು ಯು ಎರಡಕ್ಕೆ ಅಂತ. ಓದುವವನು ಒಳಗೆ ಹೋಗುವ ಮೊದಲೇ ಇದು ತನ್ನ ಮನೆಯೋ ಅಲ್ಲವೋ ಅಂತ ಗೊತ್ತಾಗುತ್ತದೆ. ಆ ಗೆಳೆಯ ಚೀಟ್ ಶೀಟ್ ಮಾಡುವಾಗ ಕಿತ್ತೆಸೆದಿದ್ದು ಆ ತಲೆಬರಹಗಳನ್ನೇ.

ಹೋಲಿಸಲು ಮತ್ತೆ ಆಪ್ಟ್-ಗೆಟ್‌ಗೆ ಬನ್ನಿ. ಅಲ್ಲಿ ಆಪ್ಷನ್‌ಗಳದ್ದು ಒಂದೇ ಉದ್ದ ಪಟ್ಟಿ. ಪ್ಯಾಕೇಜ್ ಹಾಕುವವನಿಗೆ ಬೇಕಾದದ್ದರ ಜತೆಯಲ್ಲೇ, ಸೋರ್ಸ್ ತಂದು ಕಂಪೈಲ್ ಮಾಡುವವನಿಗೆ ಮಾತ್ರ ಬೇಕಾದವೂ ಕೂತಿವೆ. ಯಾವುದು ಯಾವ ಕಮಾಂಡ್‌ಗೆ ಅಂತ ವಿವರಣೆಯ ಒಳಗೆ ಇಳಿದು ಹುಡುಕಬೇಕು. ಆಪ್ಟ್ ಮೇಲೆ ನನಗೆ ಪ್ರೀತಿ ಇದೆ, ಬರೆದವರ ಮೇಲೆ ಗೌರವ ಇದೆ. ಆ ಪಟ್ಟಿ ಮಾತ್ರ ಓದಲು ಕಷ್ಟ. (ನಾನು ಇಲ್ಲಿ ಹೇಳಿದ್ದನ್ನೆಲ್ಲ ನಿಮ್ಮ ಮೆಷಿನ್‌ನಲ್ಲಿರುವ ಆವೃತ್ತಿಯ ಮ್ಯಾನ್ ಪೇಜ್ ಜತೆ ಒಮ್ಮೆ ತಾಳೆ ನೋಡಿಕೊಳ್ಳಿ. ಆಪ್ಷನ್‌ಗಳು ಬದಲಾಗುತ್ತಿರುತ್ತವೆ.)

ಎಲ್ಲದಕ್ಕೂ ಸಲ್ಲುವ ಆಪ್ಷನ್‌ಗಳನ್ನು ಎಲ್ಲಿಡಬೇಕು ಅಂತ ಜನ ಕೇಳುತ್ತಾರೆ. ಮೊದಲೇ ಇಡಿ, ಕೊನೆಗೆ ಇಡಿ, ನನ್ನ ತಕರಾರಿಲ್ಲ. ಪೈಥಾನ್‌ನ ಪ್ಯಾಕೇಜ್ ಮ್ಯಾನೇಜರ್ ಪಿಪ್. ಅದರ ‘ಪಿಪ್ ಇನ್‌ಸ್ಟಾಲ್’ನ ಹೆಲ್ಪ್ ಇನ್‌ಸ್ಟಾಲ್‌ಗೆ ಸೇರಿದವನ್ನು ಮೊದಲು ತೋರಿಸಿ, ಸಾಮಾನ್ಯವಾದವನ್ನು ಕೊನೆಗೆ ತೋರಿಸುತ್ತದೆ. ಚೆನ್ನಾಗಿಯೇ ಇದೆ. ಆದರೆ ಕಮಾಂಡ್ ಟೈಪ್ ಮಾಡುವಾಗ ಅದು ಎಲ್ಲಿ ಬರಬೇಕು ಅಂತ ಹೇಳಲು ಮರೆಯಬೇಡಿ. ಕೋಡ್‌ನ ಬದಲಾವಣೆಗಳ ಲೆಕ್ಕ ಇಡುವ ಗಿಟ್‌ನಲ್ಲಿ ‘ಲಾಗ್’ ಅನ್ನುವ ಪದಕ್ಕೆ ಮೊದಲು ‘ಮೈನಸ್ ಪಿ’ ಇಟ್ಟರೆ ಪುಟಪುಟವಾಗಿ ತೋರಿಸು ಅಂತ. ‘ಲಾಗ್’ ಆದಮೇಲೆ ಇಟ್ಟರೆ ಒಂದೊಂದು ಕಮಿಟ್‌ನಲ್ಲೂ (ದಾಖಲಾದ ಒಂದೊಂದು ಬದಲಾವಣೆಯಲ್ಲೂ) ಏನೇನು ಬದಲಾಯಿತು ತೋರಿಸು ಅಂತ.

ಅಕ್ಷರ ಕ್ರಮ ಬೇಡವೇ ಬೇಡ ಅಂತ ನಾನು ಹೇಳುತ್ತಿಲ್ಲ. ಹತ್ತು ಹನ್ನೆರಡು ಆಪ್ಷನ್ ಇರುವ ಟೂಲ್ ಆದರೆ ಹೇಗೆ ಜೋಡಿಸಿದರೂ ಒಂದೇ ಸ್ಕ್ರೀನ್‌ನಲ್ಲಿ ಕಾಣುತ್ತದೆ. ದೊಡ್ಡ ಟೂಲ್‌ಗೆ ಕೊನೆಯಲ್ಲೊಂದು ಅಕ್ಷರ ಸೂಚಿ ಇರಲಿ, ಖಂಡಿತ. ಕರ್ಲ್ ಪ್ಯಾಕೇಜ್ ಮ್ಯಾನೇಜರ್ ಅಲ್ಲ, ಇಂಟರ್‌ನೆಟ್‌ನಿಂದ ಡೇಟಾ ತರುವ, ಕಳಿಸುವ ಟೂಲ್, ಆದರೆ ಪಾಠ ಇದೆ. ಇನ್ನೂರಕ್ಕೂ ಜಾಸ್ತಿ ಆಪ್ಷನ್ ಇರುವ ಟೂಲ್ ಅದು. ಹೆಲ್ಪ್ ಅಂದರೆ ಎಲ್ಲವನ್ನೂ ಒಮ್ಮೆಗೇ ಸುರಿಯುತ್ತಿತ್ತು. 2020ರಲ್ಲಿ 7.73.0 ಆವೃತ್ತಿಯಿಂದ ಮುಖ್ಯವಾದ ಕೆಲವನ್ನು ಮಾತ್ರ ತೋರಿಸಿ, ಉಳಿದವನ್ನು ವರ್ಗ ಮಾಡಿ ಇಟ್ಟರು. ಪೂರ್ತಿ ಪಟ್ಟಿ ಬೇಕು ಅಂದವರಿಗೆ ಅದೂ ಸಿಗುತ್ತದೆ.

"ಆದ್ರೆ ನಮ್ಮದು ಕೋಡ್‌ನಿಂದ ಆಟೋಮ್ಯಾಟಿಕ್ ಆಗಿ ಬರೋ ಡಾಕ್ಯುಮೆಂಟ್." ಇದೂ ಹಳೆಯ ನೆಪ. ಟೂಲ್‌ನ ಆಪ್ಷನ್‌ಗಳನ್ನು ಓದಲು, ಹೆಲ್ಪ್ ತೋರಿಸಲು ಸಿದ್ಧ ಲೈಬ್ರರಿಗಳಿವೆ. ಪೈಥಾನ್‌ನ ಆರ್ಗ್‌ಪಾರ್ಸ್‌ನಲ್ಲಿ ಆಪ್ಷನ್‌ಗಳ ಗುಂಪು ಮಾಡಿ ಹೆಸರಿಡಲು ವ್ಯವಸ್ಥೆ ಇದೆ. ರಸ್ಟ್‌ನ ಕ್ಲಾಪ್‌ನಲ್ಲಿ ಆಪ್ಷನ್‌ಗೆ ತಲೆಬರಹ ಕೊಡಬಹುದು. ಯಂತ್ರಕ್ಕೆ ಹೇಳಿದರೆ ಅದು ಮಾಡುತ್ತದೆ. ನೀವು ಹೇಳಿಲ್ಲ, ಅಷ್ಟೇ.

ಸರಿ, ಗುಂಪು ಮಾಡೋಣ ಅಂತ ಒಪ್ಪಿದ ಮೇಲೆ ಎರಡನೇ ಗಂಡಾಂತರ. ಡೆವಲಪರ್‌ಗಳನ್ನೇ ಗುಂಪು ಮಾಡಲು ಬಿಟ್ಟರೆ ತಮ್ಮ ಕೋಡ್ ಹೇಗಿದೆಯೋ ಹಾಗೆ ಮಾಡುತ್ತಾರೆ. ರಿಸಾಲ್ವರ್ ಆಪ್ಷನ್‌ಗಳು, ಕ್ಯಾಷ್ ಆಪ್ಷನ್‌ಗಳು, ಟ್ರಾನ್ಸ್‌ಪೋರ್ಟ್ ಆಪ್ಷನ್‌ಗಳು. ಕೊನೆಗೆ ‘ಇತರೆ’, ಅದರಲ್ಲಿ ಅರ್ಧ ಸಾಮಾನು. ನಮ್ಮ ಬೀದಿಯ ಹಾರ್ಡ್‌ವೇರ್ ಅಂಗಡಿಯ ಯಜಮಾನರಿಗೆ ಗೋಡೆಗೆ ಗಡಿಯಾರ ಹಾಕಬೇಕು ಅಂದರೆ ಸಾಕು. ಸ್ಕ್ರೂ, ಅದಕ್ಕೆ ಹೊಂದುವ ಪ್ಲಗ್, ಎರಡೂ ಒಂದೇ ಪೊಟ್ಟಣದಲ್ಲಿ ಕೊಟ್ಟು, "ಡ್ರಿಲ್ ಬಿಟ್ ಐತಾ ಮನೇಲಿ?" ಅಂತಾರೆ. ಸ್ಕ್ರೂ ಯಾವ ಫ್ಯಾಕ್ಟರಿಯಿಂದ ಬಂತು ಅಂತ ಅಲ್ಲಿ ಯಾರೂ ಜೋಡಿಸಿಟ್ಟಿಲ್ಲ.

ಹಾಗಾಗಿ ಮೊದಲು ಹೇಳಿದ ಆ 80 ಆಪ್ಷನ್‌ಗಳ ಕಂಪನಿಗೆ ಹೋದಾಗ ಚೀಟಿ ಆಟ ಆಡಿಸಿದೆ. ಒಂದೊಂದು ಆಪ್ಷನ್ ಒಂದೊಂದು ಚೀಟಿಯಲ್ಲಿ, ಪಕ್ಕದಲ್ಲಿ ಅದು ಏನು ಮಾಡುತ್ತದೆ ಅಂತ ಒಂದು ಸಾಲು. ಮೀಟಿಂಗ್ ರೂಮಿನ ಮೇಜಿನ ಮೇಲೆ ಹರಡಿ, ಇಬ್ಬರು ಡೆವಲಪರ್‌ಗಳನ್ನೂ ಸಪೋರ್ಟ್ ಟೀಮಿನ ಮೂವರನ್ನೂ ಕೂರಿಸಿದೆ. ಫ್ಯಾನ್ ಆರಿಸಲು ಮರೆತು ಒಮ್ಮೆ ಎಲ್ಲ ಹಾರಿಹೋಯಿತು, ಮತ್ತೆ ಆಯ್ದೆವು.

ಸಪೋರ್ಟ್‌ನಲ್ಲಿ ಒಬ್ಬ ಹುಡುಗ, ರಾತ್ರಿ ಪಾಳಿಯವನು. ಇಪ್ಪತ್ತು ನಿಮಿಷದಲ್ಲಿ ನಾಲ್ಕು ಗುಡ್ಡೆ ಮಾಡಿದ. ಹೆಸರು ಕೊಡಪ್ಪಾ ಅಂದೆ. ಮೊದಲನೆಯದು "ಬರೀ ನೋಡೋದು". ಎರಡನೆಯದು "ಹಾಕೋದು". ಮೂರನೆಯದು "ತೆಗೆಯೋದು". ನಾಲ್ಕನೆಯದಕ್ಕೆ ಸ್ವಲ್ಪ ನಾಚಿಕೊಂಡ.

"ಇದು ಮ್ಯಾನೇಜರ್‌ಗೆ ಕೇಳ್ಕೊಂಡು ಮಾಡೋದು, ಮೇಡಂ."

ಡೆವಲಪರ್‌ಗಳು ನಕ್ಕರು. ನಾನು ನಗಲಿಲ್ಲ. ಆ ಗುಡ್ಡೆಯಲ್ಲಿ ಹನ್ನೊಂದು ಚೀಟಿ ಇದ್ದವು. ಎಲ್ಲವೂ ಕೇಳದೇ ಅಳಿಸುವವು, ಸಹಿ ನೋಡದೇ ಒಪ್ಪುವವು, ಹಿಂದಕ್ಕೆ ತರಲಾಗದವು. ಅಕ್ಷರ ಕ್ರಮದ ಮ್ಯಾನ್ಯುಯಲ್‌ನಲ್ಲಿ ಈ ಹನ್ನೊಂದೂ ಒಂಬತ್ತು ಪುಟಗಳಲ್ಲಿ ಚೆದುರಿಹೋಗಿದ್ದವು.

ಆ ತಲೆಬರಹ ರಿವ್ಯೂನಲ್ಲಿ ಉಳಿಯುವುದಿಲ್ಲ ಅಂತ ನನಗೂ ಗೊತ್ತಿತ್ತು. ಬದಲಿಗೆ ‘ಅಡ್ವಾನ್ಸ್‌ಡ್ ಆಪ್ಷನ್‌ಗಳು’ ಅಂತ ಹಾಕೋಣ ಅಂದರು. ಅದಕ್ಕೆ ಮಾತ್ರ ಒಪ್ಪಲಿಲ್ಲ. ಅಡ್ವಾನ್ಸ್‌ಡ್ ಅಂತ ಕಂಡರೆ ನನ್ನ ಅಕ್ಕನ ಮಗನಂಥವನು ಮೊದಲು ಅದನ್ನೇ ತೆರೆಯುತ್ತಾನೆ. ಎರಡು ದಿನ ಎಳೆದಾಡಿ ‘ಹಿಂದಕ್ಕೆ ತರಲಾಗದ ಬದಲಾವಣೆ ಮಾಡುವವು’ ಅಂತ ಇಟ್ಟೆವು. ಉದ್ದ ಆಯಿತು. ಇರಲಿ.

ಕೊನೆಗೆ ಒಂದು ಚೀಟಿ ಮೇಜಿನ ಮೇಲೆ ಉಳಿಯಿತು. ಅವರ ಟೂಲ್‌ನ ‘ಫೋರ್ಸ್’. ಅದು ಹಾಕುವಾಗಲೂ ಬೇಕು, ತೆಗೆಯುವಾಗಲೂ ಬೇಕು, ಎರಡು ಕಡೆಯೂ ಬೇರೆ ಬೇರೆ ಕೆಲಸ ಮಾಡುತ್ತದೆ. ಒಂದೇ ವಿಷಯವನ್ನು ಎರಡು ಕಡೆ ಬರೆಯುವುದು ತಪ್ಪು ಅಂತ ಡೆವಲಪರ್ ಒಬ್ಬರು ಶುರು ಮಾಡಿದರು. ಅದು ಕೋಡ್‌ಗೆ ಸರಿ, ಓದುವವನಿಗಲ್ಲ ಅಂತ ನಾನು ಬಾಯಿ ತೆರೆಯುವಷ್ಟರಲ್ಲಿ, ಆ ಹುಡುಗ ನನ್ನ ನೋಟ್‌ಬುಕ್ಕಿನ ಹಾಳೆ ಹರಿದು ಇನ್ನೊಂದು ಚೀಟಿ ಬರೆದಿದ್ದ. ಒಂದನ್ನು ಎರಡನೇ ಗುಡ್ಡೆಗೆ ಹಾಕಿದ, ಒಂದನ್ನು ಮೂರನೇ ಗುಡ್ಡೆಗೆ ಹಾಕಿದ. ಆಮೇಲೆ, ಶಿಫ್ಟ್ ಶುರುವಾಗುತ್ತೆ ಮೇಡಂ ಅಂತ ಎದ್ದು ಹೋದ.