ವ್ಯಸನಿಗೆ ಕಾಯ್ದೆಯಲ್ಲಿ ಜಾಗವಿದೆ, ರೋಗಿಗೆ?

"ಮಗ ಟೊರೊಂಟೊದಲ್ಲಿದ್ದಾನೆ. ಅಲ್ಲಿ ನೋವಿಗೆ ಗಾಂಜಾ ಎಣ್ಣೆ ಅಂಗಡಿಯಲ್ಲೇ ಸಿಗುತ್ತದಂತೆ. ಒಂದು ಸಣ್ಣ ಬಾಟಲಿ ತರಿಸಿಕೊಂಡರೆ ತಪ್ಪಾ?" ಕೊಡಗಿನಲ್ಲಿ ಇಂಥ ಪ್ರಶ್ನೆ ಈಗ ಅಪರೂಪವೇನಲ್ಲ. ಹೊರದೇಶದಲ್ಲಿ ಒಬ್ಬರಾದರೂ ಇರುವ ಮನೆಗಳು ಇಲ್ಲಿ ಬೇಕಾದಷ್ಟಿವೆ. ಕೀಮೋ ಮುಗಿಸಿ ಬಂದು ಊಟ ಸೇರದ ತಾಯಿ, ಪದೇ ಪದೇ ಫಿಟ್ಸ್ ಬರುವ ಮಗು, ಬೆನ್ನುನೋವಿಗೆ ಎಲ್ಲ ಮಾತ್ರೆ ನುಂಗಿ ಸಾಕಾದ ತೋಟದ ಯಜಮಾನರು, ಹೀಗೆ ಕೇಳುವವರಿಗೆಲ್ಲ ಅವರವರದೇ ಕಾರಣ ಇರುತ್ತದೆ.

ಉತ್ತರ ಮಾತ್ರ ಒಂದೇ: ತರಿಸಬೇಡಿ. ಕೆನಡಾ 2001ರಲ್ಲೇ ರೋಗಿಗಳಿಗೆ ಗಾಂಜಾ ಬಳಸಲು ಅವಕಾಶ ಕೊಟ್ಟಿತು, 2018ರಲ್ಲಿ ಎಲ್ಲರಿಗೂ ಬಾಗಿಲು ತೆರೆಯಿತು. ಆದರೆ ಅದನ್ನು ದೇಶದ ಗಡಿ ದಾಟಿಸುವುದು ಅಲ್ಲಿಯೂ ಅಪರಾಧ. ವೈದ್ಯರ ಚೀಟಿ ಇದ್ದರೂ ಅಷ್ಟೇ. ನಮ್ಮ ಕಡೆ ಅದು ಅಕ್ರಮ ಆಮದು. ಅಲ್ಲಿನ ಚೀಟಿಗೆ ಇಲ್ಲಿ ಕಿಮ್ಮತ್ತಿಲ್ಲ.

ಹಾಗಾದರೆ ಮದ್ದಿಗೆ ಗಾಂಜಾ ಅನ್ನುವುದು ಹೊರಗಿನಿಂದ ಬಂದ ಹೊಸ ಮಾತಾ? ಖಂಡಿತ ಇಲ್ಲ. ಇಂಗ್ಲಿಷ್ ವೈದ್ಯಕ್ಕೆ ಇದನ್ನು ಕಲಿಸಿದ್ದೇ ಭಾರತ. 1839ರಲ್ಲಿ ಕಲ್ಕತ್ತಾ ಮೆಡಿಕಲ್ ಕಾಲೇಜಿನ ಡಾ. ಒಶಾಗ್ನೆಸ್ಸಿ ಇಲ್ಲಿನ ವೈದ್ಯರು, ಹಕೀಮರು ಬಳಸುತ್ತಿದ್ದುದನ್ನು ನೋಡಿ, ಧನುರ್ವಾಯು, ವಾತ, ಮಕ್ಕಳ ಸೆಳೆತಕ್ಕೆಲ್ಲ ಕೊಟ್ಟು ಪರೀಕ್ಷಿಸಿ ಬರೆದರು. ಅಲ್ಲಿಂದ ಅದು ಯುರೋಪು, ಅಮೆರಿಕದ ಔಷಧಿ ಅಂಗಡಿ ಸೇರಿತು. ಸುಮಾರು 180 ವರ್ಷದ ನಂತರ, 2018ರಲ್ಲಿ, ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಗಾಂಜಾ ಗಿಡದಿಂದಲೇ ತೆಗೆದ ಒಂದು ಔಷಧಿಗೆ ಮೊದಲ ಬಾರಿ ಒಪ್ಪಿಗೆ ಕೊಟ್ಟಿತು. ಎಪಿಡಿಯೋಲೆಕ್ಸ್ ಅಂತ ಹೆಸರು. ಯಾವುದಕ್ಕೆ ಗೊತ್ತಾ? ಮಕ್ಕಳಲ್ಲಿ ಕಾಣಿಸುವ ಅಪರೂಪದ, ಕಠಿಣ ಫಿಟ್ಸ್‌ಗೆ.

ಬ್ರಿಟಿಷ್ ಸರ್ಕಾರಕ್ಕೂ ಈ ಗಿಡವನ್ನು ಏನು ಮಾಡಬೇಕು ಎಂಬ ತಲೆಬಿಸಿ ಇತ್ತು. 1893-94ರಲ್ಲಿ ಒಂದು ದೊಡ್ಡ ಆಯೋಗವೇ ದೇಶ ಸುತ್ತಿ ಸಾವಿರಕ್ಕೂ ಜಾಸ್ತಿ ಸಾಕ್ಷಿಗಳ ಹೇಳಿಕೆ ಪಡೆಯಿತು. ಆಗ ಕೊಡಗು ಚೀಫ್ ಕಮಿಷನರ್ ಆಡಳಿತದ ಪ್ರತ್ಯೇಕ ಪ್ರಾಂತ್ಯ. ಹಾಗಾಗಿ ಮುಂಬಯಿ, ಸಿಂಧ್, ಬರ್ಮಾಗಳ ಜೊತೆ ಈ ಪುಟ್ಟ ಕೊಡಗಿನ ಸಾಕ್ಷಿಗಳ ಹೇಳಿಕೆಯೂ ವರದಿಯ ಸಂಪುಟದಲ್ಲಿ ಅಚ್ಚಾಯಿತು. ಆಯೋಗದ ತೀರ್ಮಾನ ಇಂದಿನವರಿಗೆ ಆಶ್ಚರ್ಯ ಅನ್ನಿಸಬಹುದು: ಮಿತವಾಗಿ ಬಳಸಿದರೆ ಹೇಳಿಕೊಳ್ಳುವಂಥ ಹಾನಿಯಿಲ್ಲ, ಪೂರ್ತಿ ನಿಷೇಧ ಬೇಡ, ಲೈಸೆನ್ಸ್ ಮತ್ತು ತೆರಿಗೆಯಿಂದ ಹಿಡಿತದಲ್ಲಿಡಿ. ಸರ್ಕಾರಕ್ಕೆ ಇದರಿಂದ ಒಳ್ಳೆಯ ವರಮಾನವೂ ಇತ್ತು ಅನ್ನುವುದನ್ನು ಮರೆಯಬಾರದು.

ಗಾಳಿ ತಿರುಗಿದ್ದು ಇಪ್ಪತ್ತನೇ ಶತಮಾನದಲ್ಲಿ. 1925ರ ಜಿನೀವಾ ಒಪ್ಪಂದ, ನಂತರ ವಿಶ್ವಸಂಸ್ಥೆಯ 1961ರ ಒಪ್ಪಂದ ಗಾಂಜಾವನ್ನು ಅಫೀಮಿನ ಸಾಲಿಗೆ ತಂದು ನಿಲ್ಲಿಸಿದವು. 1961ರಲ್ಲಿ ಭಾರತ ಪಟ್ಟು ಹಿಡಿದು ಸೊಪ್ಪನ್ನು, ಅಂದರೆ ಭಂಗಿಯನ್ನು, ಹೊರಗಿಡಿಸಿತು. ಹೂವು ಮತ್ತು ಅಂಟಿನ ವೈದ್ಯಕೀಯೇತರ ಬಳಕೆ ನಿಲ್ಲಿಸಲು 25 ವರ್ಷದ ಗಡುವು ಸಿಕ್ಕಿತು. ಗಡುವು ಹತ್ತಿರವಾದಾಗ 1985ರಲ್ಲಿ ಮಾದಕ ವಸ್ತುಗಳ ಮೇಲೆ ಹಿಡಿತವಿಡುವ ಎನ್‌ಡಿಪಿಎಸ್ ಕಾಯ್ದೆ ಬಂತು. ಇಂದಿಗೂ ನಮ್ಮನ್ನು ಆಳುತ್ತಿರುವುದು ಅದೇ.

ಈ ಕಾಯ್ದೆಯ 8ನೇ ಸೆಕ್ಷನ್ನನ್ನು ಸ್ವಲ್ಪ ನಿಧಾನವಾಗಿ ಓದಬೇಕು. ಬೆಳೆಯುವುದು, ಇಟ್ಟುಕೊಳ್ಳುವುದು, ಮಾರುವುದು, ಬಳಸುವುದು ಎಲ್ಲ ನಿಷಿದ್ಧ, "ವೈದ್ಯಕೀಯ ಅಥವಾ ವೈಜ್ಞಾನಿಕ ಉದ್ದೇಶ" ಬಿಟ್ಟು. ಇದನ್ನು ಓದಿದ ಕೂಡಲೇ ರೋಗಿಯ ಮನೆಯವರಿಗೆ ಜೀವ ಬಂದಂತಾಗುತ್ತದೆ. ಆದರೆ ವಾಕ್ಯ ಅಲ್ಲಿಗೆ ಮುಗಿಯುವುದಿಲ್ಲ. ಆ ಉದ್ದೇಶವೂ ಕಾಯ್ದೆ ಮತ್ತು ನಿಯಮ ಹೇಳಿದ ರೀತಿಯಲ್ಲೇ, ಬೇಕಾದ ಲೈಸೆನ್ಸಿನೊಂದಿಗೇ ನಡೆಯಬೇಕು. ಆ ನಿಯಮ ಮಾಡುವ ಅಧಿಕಾರವನ್ನು 10ನೇ ಸೆಕ್ಷನ್ ರಾಜ್ಯಗಳಿಗೆ ಕೊಟ್ಟಿದೆ. ರೋಗಿಯೊಬ್ಬ ತಾನೇ ಅರ್ಜಿ ಹಾಕಿ ಪಡೆಯುವ ಕಾರ್ಡಾಗಲಿ ಪರ್ಮಿಟ್ಟಾಗಲಿ ಕರ್ನಾಟಕದಲ್ಲಿ ಇಲ್ಲ. ಬಾಗಿಲೇನೋ ಇದೆ, ಹಿಡಿ ಇಲ್ಲ.

ಇನ್ನೊಂದು ವಿಚಿತ್ರ ನೋಡಿ. ಅಲ್ಪ ಪ್ರಮಾಣದ ಗಾಂಜಾದೊಂದಿಗೆ ಸಿಕ್ಕಿಬಿದ್ದ ವ್ಯಸನಿ ತಾನಾಗಿಯೇ ಚಿಕಿತ್ಸೆಗೆ ಒಪ್ಪಿದರೆ 64ಎ ಸೆಕ್ಷನ್ ಅವನನ್ನು ಮೊಕದ್ದಮೆಯಿಂದ ಉಳಿಸುತ್ತದೆ. ಒಳ್ಳೆಯದೇ. ಆದರೆ ಅದೇ ಪ್ರಮಾಣ ಇಟ್ಟುಕೊಂಡ ಕ್ಯಾನ್ಸರ್ ರೋಗಿಗೆ ಅಂಥ ಸೆಕ್ಷನ್ ಇಲ್ಲ. ಬದುಕಿಕೊಳ್ಳಲು ಅವರೂ "ನಾನು ವ್ಯಸನಿ" ಅನ್ನಬೇಕಾ? ನನ್ನ ಪ್ರಕಾರ ಈ ಕಾಯ್ದೆಯ ದೊಡ್ಡ ಹುಳುಕು ಇದೇ.

ಶಿಕ್ಷೆ ತೂಕದ ಮೇಲೆ ನಿಂತಿದೆ. 2001ರ ತಿದ್ದುಪಡಿಯ ನಂತರ ಗಾಂಜಾ 1 ಕಿಲೋವರೆಗೆ ಅಲ್ಪ ಪ್ರಮಾಣ, ಅದಕ್ಕೆ ಈಗ ಒಂದು ವರ್ಷದವರೆಗೆ ಜೈಲು ಅಥವಾ 10,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. 20 ಕಿಲೋ ದಾಟಿದರೆ ವಾಣಿಜ್ಯ ಪ್ರಮಾಣ, ಕನಿಷ್ಠ 10 ವರ್ಷ. ಚರಸ್‌ಗೆ, ಅಂದರೆ ಗಿಡದ ಅಂಟಿಗೆ, ಈ ಗೆರೆಗಳು 100 ಗ್ರಾಂ ಮತ್ತು 1 ಕಿಲೋ.

ಗಿಡ ಬೆಳೆಸುವುದಕ್ಕೆ ಮಾತ್ರ ಈ ತೂಕದ ರಿಯಾಯಿತಿ ಇಲ್ಲ. ಹಿತ್ತಲಲ್ಲಿ ಒಂದೇ ಗಿಡ ಇದ್ದರೂ 10 ವರ್ಷದವರೆಗೆ ಶಿಕ್ಷೆ ಆಗಬಹುದು. ಕಕ್ಕಡ ತಿಂಗಳ ಹದಿನೆಂಟಕ್ಕೆ ಮದ್ದುಸೊಪ್ಪಿನ ಪಾಯಸ ಉಣ್ಣುವ ನಾಡಿನಲ್ಲಿ "ಸೊಪ್ಪು ತಾನೇ, ಮದ್ದಿಗೆ ತಾನೇ" ಅನ್ನುವ ಮಾತು ಸುಲಭವಾಗಿ ಬಾಯಿಗೆ ಬರುತ್ತದೆ. ಕೋರ್ಟಿನಲ್ಲಿ ಅದು ನಡೆಯುವುದಿಲ್ಲ. ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳಲು ಕೊಡವರಿಗೆ ಇರುವ ವಿನಾಯಿತಿಯಂಥದ್ದು ಇದಕ್ಕೂ ಇದೆಯಾ ಅಂತ ತಮಾಷೆಗೆ ಕೇಳುವವರೂ ಇದ್ದಾರೆ. ಇಲ್ಲ.

ಕೊಡಗಿನವರು ಜಾಸ್ತಿ ಗಮನಿಸಬೇಕಾದ ಎರಡು ಸೆಕ್ಷನ್‌ಗಳಿವೆ, ಯಾರೂ ಹೆಚ್ಚಾಗಿ ಮಾತಾಡುವುದಿಲ್ಲ. ಒಂದು 46. ತನ್ನ ಜಮೀನಿನಲ್ಲಿ ಅಕ್ರಮವಾಗಿ ಗಾಂಜಾ ಬೆಳೆದಿದ್ದರೆ ಜಮೀನಿನವರು ಕೂಡಲೇ ಪೊಲೀಸರಿಗೋ ಅಬಕಾರಿಯವರಿಗೋ ತಿಳಿಸಬೇಕು. ಗೊತ್ತಿದ್ದೂ ಸುಮ್ಮನಿದ್ದರೆ ಶಿಕ್ಷೆ. ಐವತ್ತು ಎಕರೆ ಕಾಫಿ ತೋಟದ ಯಜಮಾನರು ಬೆಂಗಳೂರಿನಲ್ಲಿರುತ್ತಾರೆ, ತೋಟ ನೋಡಿಕೊಳ್ಳುವುದು ರೈಟರ್. ಮೆಣಸಿನ ಬಳ್ಳಿಗಳ ನಡುವೆಯೋ ಲೈನ್‌ಮನೆಯ ಹಿಂದಿನ ಬಾಣೆಯಲ್ಲೋ ಯಾರೋ ನಾಲ್ಕು ಗಿಡ ನೆಟ್ಟರೆ ಯಜಮಾನರಿಗೆ ಗೊತ್ತೇ ಆಗದಿರಬಹುದು. ಹಾಗಾಗಿ "ಗೊತ್ತಿದ್ದೂ" ಅನ್ನುವ ಪದದ ಮೇಲೇ ಇಡೀ ಕೇಸು ನಿಲ್ಲುತ್ತದೆ. ಕಂಡ ದಿನವೇ ಲಿಖಿತವಾಗಿ ತಿಳಿಸಿ, ಸ್ವೀಕೃತಿ ಪಡೆದಿಟ್ಟುಕೊಳ್ಳುವುದು ಒಳ್ಳೆಯದು. ಕಿತ್ತು ಬಿಸಾಡಿ ಸುಮ್ಮನಾದರೆ ತಿಳಿಸಿದಂತಾಗುವುದಿಲ್ಲ.

ಎರಡನೆಯದು 25, ಹೋಂಸ್ಟೇಯವರಿಗೆ ಸಂಬಂಧಪಟ್ಟದ್ದು. ತನ್ನ ಮನೆ, ಕೋಣೆ, ವಾಹನವನ್ನು ಇಂಥ ಅಪರಾಧಕ್ಕೆ ಬಳಸಲು ಗೊತ್ತಿದ್ದೇ ಬಿಟ್ಟವರಿಗೂ ಆ ಅಪರಾಧದ ಶಿಕ್ಷೆಯೇ. ಕ್ಯಾಲಿಫೋರ್ನಿಯಾದಿಂದ ಬಂದ ಅತಿಥಿ ತನ್ನ ಕಾರ್ಡ್ ತೋರಿಸಿ "ನಾನು ಪೇಷೆಂಟ್" ಅನ್ನಬಹುದು. ಅಲ್ಲಿ 1996ರಿಂದ ರೋಗಿಗಳಿಗೆ ಅವಕಾಶ ಇರುವುದು ನಿಜ. ಆದರೆ ಅಲ್ಲಿಯೂ ಹಕ್ಕು ಬಹಳ ಕಾಲ ಅರೆಬರೆಯಾಗಿತ್ತು: ಗಾಂಜಾ ಬಳಸುವ ರೋಗಿಯನ್ನು ಕೆಲಸದಿಂದ ತೆಗೆಯಬಹುದು ಅಂತ 2008ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟೇ ಹೇಳಿತ್ತು. ಮಡಿಕೇರಿಯಲ್ಲಂತೂ ಆ ಕಾರ್ಡು ಬರೀ ಪ್ಲಾಸ್ಟಿಕ್ಕು.

ಇಷ್ಟೆಲ್ಲದರ ನಡುವೆ ಕಾನೂನುಬದ್ಧವಾದ ಒಂದು ಸಣ್ಣ ದಾರಿ ಉಳಿದಿದೆ. ಅದು ಆಯುರ್ವೇದದ್ದು. ಕಾಯ್ದೆಯ ಪ್ರಕಾರ ಗಾಂಜಾ ಅಂದರೆ ಹೂವಿನ ತುದಿ. ತುದಿ ಜೊತೆಗಿಲ್ಲದ ಎಲೆ ಮತ್ತು ಬೀಜ ಆ ವ್ಯಾಖ್ಯೆಗೆ ಸೇರುವುದಿಲ್ಲ. 2022ರಲ್ಲಿ ಕರ್ನಾಟಕ ಹೈಕೋರ್ಟ್ ಕೂಡ ಜಾಮೀನು ಅರ್ಜಿಯೊಂದರಲ್ಲಿ ಭಂಗಿ ಈ ಕಾಯ್ದೆಯಡಿ ನಿಷಿದ್ಧವಲ್ಲ ಅಂದಿತು. ಎಲೆಯ ನಿಯಂತ್ರಣ ರಾಜ್ಯಗಳ ಅಬಕಾರಿ ಕಾನೂನಿಗೆ ಬಿಟ್ಟದ್ದು. ಆಯುರ್ವೇದದಲ್ಲಿ ಈ ಎಲೆಗೆ ವಿಜಯಾ ಅನ್ನುತ್ತಾರೆ. ಜಾತೀಫಲಾದಿ ಚೂರ್ಣದಂಥ ಹಳೆಯ ಔಷಧಿಗಳಲ್ಲೂ ಇದಿದೆ. ಔಷಧ ನಿಯಮಗಳ ಇ(1) ಅನುಸೂಚಿ ಇದನ್ನು ವಿಷದ ಪಟ್ಟಿಯಲ್ಲಿಟ್ಟಿದೆ. ಅದಕ್ಕೇ ಬಾಟಲಿಯ ಮೇಲೆ "ಎಚ್ಚರಿಕೆ: ವೈದ್ಯರ ನಿಗಾದಲ್ಲೇ ಸೇವಿಸಬೇಕು" ಎಂಬ ಅರ್ಥದ ಸಾಲು ಇರಲೇಬೇಕು. ಕೊಳ್ಳುವಾಗ ಆ ಸಾಲು, ತಯಾರಕರ ಲೈಸೆನ್ಸ್ ನಂಬರು, ಪದಾರ್ಥಗಳ ಪಟ್ಟಿ ಮೂರನ್ನೂ ನೋಡಿ. ವೈದ್ಯರ ಚೀಟಿ, ಬಿಲ್ಲು ಜೊತೆಗಿರಲಿ. ಕೇರಳ ಗಡಿಯ ಕುಟ್ಟ ಅಥವಾ ಮಾಕುಟ್ಟದ ಚೆಕ್‌ಪೋಸ್ಟಿನಲ್ಲಿ ಬ್ಯಾಗು ತೆರೆಸಿದರೆ ಮಾತಿಗಿಂತ ಕಾಗದವೇ ಕೆಲಸಕ್ಕೆ ಬರುವುದು. ಮೈ ತಪಾಸಣೆ ಮಾಡುವುದಾದರೆ ಗೆಜೆಟೆಡ್ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟರ ಎದುರು ಮಾಡಿ ಅಂತ ಕೇಳುವ ಹಕ್ಕು 50ನೇ ಸೆಕ್ಷನ್ನಿನಲ್ಲಿದೆ. ಕೈಯಲ್ಲಿರುವ ಬ್ಯಾಗಿಗೆ ಅದು ಅನ್ವಯಿಸುವುದಿಲ್ಲ.

ಔಷಧಿ ಕಾನೂನುಬದ್ಧವಾದರೂ ಅದನ್ನು ಕುಡಿದು ಘಟ್ಟದ ರಸ್ತೆಯಲ್ಲಿ ಗಾಡಿ ಓಡಿಸುವಂತಿಲ್ಲ. ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್ ಹೆಂಡಕ್ಕೆ ಮಾತ್ರ ಅಂತ ತಿಳಿದವರು ಜಾಸ್ತಿ. ಹಿಡಿತ ತಪ್ಪುವಷ್ಟು ಅಮಲು ತರುವ ಯಾವ ಮದ್ದಿಗೂ ಅದು ಅನ್ವಯಿಸುತ್ತದೆ.

2020ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಮಾದಕ ವಸ್ತು ಆಯೋಗ ಗಾಂಜಾವನ್ನು ಅತಿ ಅಪಾಯಕಾರಿ ಪಟ್ಟಿಯಿಂದ ತೆಗೆಯಿತು. 27 ಮತ ಪರ, 25 ವಿರುದ್ಧ. ಭಾರತ ಪರವಾಗಿಯೇ ಮತ ಹಾಕಿತ್ತು. ಉತ್ತರಾಖಂಡ 2018ರಲ್ಲೇ ಅಮಲು ಕಡಿಮೆ ಇರುವ ತಳಿಯನ್ನು ನಾರಿಗಾಗಿ ಬೆಳೆಯಲು ಲೈಸೆನ್ಸ್ ಕೊಟ್ಟಿತು. ಇವೆಲ್ಲ ಬೆಳೆಗಾರರಿಗೆ, ಕಂಪನಿಗಳಿಗೆ ತೆರೆದ ದಾರಿ. ಕಾಫಿಗೆ ಬೆಲೆ ಬಿದ್ದ ವರ್ಷ ಇಲ್ಲಿಯೂ ಇಂಥ ಆಸೆ ಚಿಗುರಿದರೆ ಆಶ್ಚರ್ಯವಿಲ್ಲ. ರೋಗಿಯ ಹಕ್ಕು ಬೇರೆಯೇ ವಿಷಯ.

ಅದು ಹೇಗೆ ಬರಬಹುದು ಅನ್ನುವುದಕ್ಕೆ ಇದೇ ಕಾಯ್ದೆಯಲ್ಲಿ ಉದಾಹರಣೆ ಇದೆ: ಅಫೀಮಿನಿಂದ ತೆಗೆಯುವ ನೋವಿನ ಮದ್ದು ಮಾರ್ಫಿನ್. 1985ರ ನಂತರ ಲೈಸೆನ್ಸುಗಳ ರಾಶಿಗೆ ಹೆದರಿ ಆಸ್ಪತ್ರೆಗಳು ಅದನ್ನು ಇಡುವುದನ್ನೇ ಬಿಟ್ಟಿದ್ದವು. ಕ್ಯಾನ್ಸರ್ ರೋಗಿಗಳು ನೋವಿನಲ್ಲೇ ನರಳಿದರು. ಉಪಶಾಮಕ, ಅಂದರೆ ನೋವು ತಗ್ಗಿಸುವ, ಚಿಕಿತ್ಸೆಯ ವೈದ್ಯರು ವರ್ಷಗಟ್ಟಲೆ ಬೆನ್ನುಹತ್ತಿದ ಮೇಲೆ 2014ರ ತಿದ್ದುಪಡಿ "ಅಗತ್ಯ ಮಾದಕ ಔಷಧಿ" ಎಂಬ ವರ್ಗ ಮಾಡಿ, ಮಾನ್ಯತೆ ಪಡೆದ ಆಸ್ಪತ್ರೆಗಳು ಸುಲಭವಾಗಿ ಇಟ್ಟುಕೊಳ್ಳುವಂತೆ ಮಾಡಿತು. ಗಾಂಜಾ ಆ ಪಟ್ಟಿಯಲ್ಲಿಲ್ಲ. ಸದ್ಯಕ್ಕೆ ಮನೆಯಲ್ಲಿ ಕ್ಯಾನ್ಸರ್ ನೋವು ತಡೆಯಲಾರದವರು ಇದ್ದರೆ, ಟೊರೊಂಟೊದ ಬಾಟಲಿಗೆ ಕಾಯುವ ಬದಲು, ಚಿಕಿತ್ಸೆ ಕೊಡುವ ಆಸ್ಪತ್ರೆಯಲ್ಲಿ ಬಾಯಿಬಿಟ್ಟು ಕೇಳಿ: ಇಲ್ಲಿ ಮಾರ್ಫಿನ್ ಮಾತ್ರೆ ಸಿಗುತ್ತಾ, ಇಲ್ಲದಿದ್ದರೆ ಮೈಸೂರಿನಲ್ಲಿ ಎಲ್ಲಿಗೆ ಕಳಿಸುತ್ತೀರಿ?